ಕನ್ನಡ ಸರ್ ಕೆಮ್ಮು ನುಂಗಿದ ವರ್ಷ

ಶಾಲೆ ಎಂದ ಮೇಲೆ ಒಂದಿಷ್ಟು ಭಯ ಇರಲೇಬೇಕು ಎಂದು ನಮ್ಮ ಹಿರಿಯ ಶಿಕ್ಷಕರು ಹೇಳುತ್ತಿದ್ದರು. ಯಾರಿಗೆ ಇರಬೇಕು ಎನ್ನುವುದರಲ್ಲಿ ಮಾತ್ರ ಆ ವರ್ಷ ಸ್ವಲ್ಪ ಅದಲುಬದಲಾಯಿತು. ಕೊರೋನಾದ ಮೊದಲ ಅಲೆ ಇಳಿದು, ದೊಡ್ಡ ಮಕ್ಕಳ ತರಗತಿಗಳನ್ನಾದರೂ ತೆರೆಯಿರಿ ಎಂದು ಆದೇಶ ಬಂದಾಗ, ಮಕ್ಕಳು ಮನೆಯಲ್ಲಿ ಚೀಲ ಹುಡುಕಿದರು. ನಾವು ರಜೆಯ ನಿಯಮ ಹುಡುಕಿದೆವು.

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಕನ್ನಡ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಸಂಭವನೀಯತೆಯ ಪಾಠ ಮಾಡುವವಳಿಗೆ ಭಯ ಕಡಿಮೆ ಇರಬೇಕು ಎಂಬುದು ನನ್ನ ಗಂಡನ ಅಭಿಪ್ರಾಯ. ಅವರು ಆ ಪಾಠವನ್ನು ಸರಿಯಾಗಿ ಓದಿಲ್ಲ. ಓದಿದವರಿಗೇ ಭಯ ಹೆಚ್ಚು.

೧. ದೂರದ ಸಭೆ

ಶಾಲೆ ತೆರೆಯುವ ಮೊದಲು ಶಿಕ್ಷಕರ ಸಭೆ ಆಗಬೇಕಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಟ್ಟಿಗೆ ಕೂರುವುದು ಅಪಾಯ ಎಂದು ಹೆಡ್ ಮೇಡಂ ತೀರ್ಮಾನಿಸಿದರು. ಅವರು ಉಡುಪಿ ಕಡೆಯವರು, ಎಲ್ಲವನ್ನೂ ಎರಡು ಸಲ ತೊಳೆದ ಮೇಲೆ ನಂಬುವವರು. ನಾವೆಲ್ಲ ಶಾಲೆಗೆ ಬರಬೇಕು, ಒಬ್ಬೊಬ್ಬರು ಒಂದೊಂದು ಖಾಲಿ ತರಗತಿಯಲ್ಲಿ ಕೂತು ಮೊಬೈಲಿನ ಮೂಲಕ ಸಭೆ ಸೇರಬೇಕು ಎಂದು ಸೂಚನೆ ಬಂತು. ಮೊಬೈಲಿನಲ್ಲೇ ಆಗುವುದಾದರೆ ಮನೆಯಿಂದಲೇ ಸೇರಬಹುದಲ್ಲ ಎಂದು ವಿಜ್ಞಾನದ ಟೀಚರ್ ಕೇಳಿದರು. ಮನೆಯಲ್ಲಿ ಕೂತವರಿಗೆ ಹಾಜರಿ ಹೇಗೆ ಕೊಡುವುದು ಎಂದು ಹೆಡ್ ಮೇಡಂ ಮರುಪ್ರಶ್ನೆ ಹಾಕಿದರು. ಅದಕ್ಕೆ ವಿಜ್ಞಾನದಲ್ಲಿ ಉತ್ತರ ಇರಲಿಲ್ಲ.

ನಮ್ಮ ಕಟ್ಟಡದ ಗೋಡೆಗಳು ಹಳೆಯವು, ದಪ್ಪನೆಯವು. ಸಿಗ್ನಲ್ ಒಳಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅರ್ಧ ಗಂಟೆ ಕೈತೊಳೆಯುವ ವಿಧಾನವನ್ನು ಸ್ಪಷ್ಟವಾಗಿ ಕೇಳಿಸಿದ ಮೊಬೈಲು, ಹೆಡ್ ಮೇಡಂ "ಮನೆಯಲ್ಲಿ ಕಾಯಿಲೆಯವರು ಇದ್ದ ಶಿಕ್ಷಕರು ಬೇಕಾದರೆ..." ಎನ್ನುವಲ್ಲಿಗೆ ನಿಂತುಬಿಟ್ಟಿತು. ಪರದೆಯ ಮೇಲೆ ಅವರ ಬಾಯಿ ತೆರೆದೇ ಇತ್ತು. ಬೇಕಾದರೆ ಏನು ಎನ್ನುವುದು ಮಾತ್ರ ಹೊರಗೆ ಬರಲಿಲ್ಲ.

ಒಂದು ನಿಮಿಷ ಕಾದೆವು. ಆಮೇಲೆ ಎಲ್ಲ ತರಗತಿಗಳ ಬಾಗಿಲುಗಳೂ ಒಟ್ಟಿಗೆ ತೆರೆದವು. ಆಫೀಸಿನ ಬಾಗಿಲಿಗೆ ನಾವೆಲ್ಲ ಒಬ್ಬರ ಹೆಗಲ ಮೇಲಿಂದ ಒಬ್ಬರು ಕತ್ತು ಚಾಚಿ, ಸಂಜೆಯ ಕಲ್ಯಾಣ್ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಿಂತ ಹಾಗೆ ನಿಂತೆವು. ಹೆಡ್ ಮೇಡಂ ಬಾಗಿಲು ತೆರೆದರು, ನೋಡಿದರು, ಮತ್ತೆ ಮುಚ್ಚಿದರು. ಒಳಗಿನಿಂದಲೇ ಹೇಳಿದರು: ಅಂಥವರು ಬೇಕಾದರೆ ಮನೆಯಿಂದ ಆನ್‌ಲೈನ್ ಪಾಠ ಮಾಡಬಹುದು.

ಆ ವರ್ಷವಿಡೀ ನಾವು ಅಷ್ಟು ಹತ್ತಿರ ನಿಂತದ್ದು ಅದೊಂದೇ ಸಲ. ಸಭೆಯ ವಿಷಯ, ಅಂತರ ಕಾಪಾಡುವುದು.

೨. ಅತ್ತೆಯ ಆರೋಗ್ಯ

ಮರುದಿನ ಸ್ಟಾಫಿನಲ್ಲಿ ಎಷ್ಟು ಜನರ ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂದು ತಿಳಿದು ನನಗೆ ದುಃಖವಾಯಿತು. ವರ್ಷಗಳಿಂದ ಅತ್ತೆಯ ಬಾಯಿ ಮುಚ್ಚಿಸುವುದು ಹೇಗೆಂದು ನಮ್ಮ ಸಲಹೆ ಕೇಳುತ್ತಿದ್ದ ಡ್ರಾಯಿಂಗ್ ಟೀಚರು, ಅದೇ ಅತ್ತೆಯ ಉಸಿರಾಟದ ಬಗ್ಗೆ ಕಣ್ಣೀರು ತುಂಬಿಕೊಂಡು ಮಾತಾಡಿದರು. ಪಿ.ಟಿ. ಸರ್‌ಗೆ ತಾವೇ ಕಾಯಿಲೆಯವರೆಂದು ಹೊಳೆಯಿತು. ನಾನೂ ಕಾಮೋಠೆಯಲ್ಲಿರುವ ನನ್ನ ದೊಡ್ಡಮ್ಮನನ್ನು ನೆನೆದೆ. ಅವರು ನಮ್ಮ ಮನೆಯಲ್ಲಿಲ್ಲ ಎನ್ನುವುದು ಅಡ್ಡ ಬಂತು. ಕರೆದುಕೊಂಡು ಬರೋಣವೇ ಎಂದು ಯೋಚಿಸಿದೆ. ಫೋನು ಮಾಡಿದಾಗ ಅವರು ಛಾವಣಿಯಲ್ಲಿ ಹಪ್ಪಳ ಒಣಗಿಸುತ್ತಿದ್ದರು.

ನಿಜವಾಗಿ ಕಾಯಿಲೆಯವರಿದ್ದದ್ದು ಒಬ್ಬರ ಮನೆಯಲ್ಲಿ, ಕನ್ನಡ ಸರ್ ಮನೆಯಲ್ಲಿ. ಅವರ ಹೆಂಡತಿಯ ಎದೆ ಹಿಂದಿನ ವರ್ಷದ ಕಾಯಿಲೆಯಿಂದ ಬಹಳ ಸೋತಿತ್ತು. ಈ ರೋಗ ಆಕೆಗೆ ತಗುಲಿದರೆ ಮತ್ತೆ ಹೇಳಲು ನನ್ನಲ್ಲಿ ಏನೂ ಇರುವುದಿಲ್ಲ ಎಂದು ಡಾಕ್ಟರರು ಬಿಡಿಸಿ ಹೇಳಿದ್ದರು. ಹಾಗಾಗಿ ಮನೆಯಿಂದ ಪಾಠ ಮಾಡಲು ಸರ್ ಕೇಳಬೇಕಾಗಿಯೂ ಇರಲಿಲ್ಲ. ಹೆಡ್ ಮೇಡಂ ತಾವೇ ಕರೆದು ಹೇಳಿದರು.

ಸರ್ ವಿಜಯಪುರದ ಕಡೆಯವರು. ಮುಂದಿನ ವರ್ಷ ನಿವೃತ್ತಿ. ಆದರೂ ಅವರು ಶಾಲೆಗೇ ಬರುತ್ತೇನೆ ಎಂದರು.

"ಯಾಕೆ ಮಾರಾಯ್ರೆ? ಆನ್‌ಲೈನ್ ಉಂಟಲ್ಲ," ಎಂದರು ಹೆಡ್ ಮೇಡಂ.

"ಮೇಡಮ್ಮರ, ನನ್ನ ಹತ್ತನೇತ್ತಾ ಹುಡುಗರ ಮನ್ಯಾಗ ಇರೂದು ಒಂದ ಫೋನು. ಅದು ಮುಂಜಾನೆ ಅಪ್ಪನ ಜೋಡಿ ಭಿವಂಡಿಗೆ ಹೋಗ್ತದ. ನಾ ವ್ಯಾಕರಣ ಹೇಳೂ ಹೊತ್ತಿಗೆ ಅದು ಗೋದಾಮಿನ್ಯಾಗ ಇರ್ತದ."

ಅದು ನಿಜ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕಲಬುರಗಿ, ರಾಯಚೂರಿನಿಂದ ಬಂದು ಹಮಾಲಿ ಮಾಡುವವರ ಮಕ್ಕಳು. ಸರ್ ಅವರ ಆನ್‌ಲೈನ್ ತರಗತಿಗೆ ತಪ್ಪದೆ ಬರುತ್ತಿದ್ದದ್ದು ಭಿವಂಡಿಯ ಒಬ್ಬ ತಂದೆ. ಊಟದ ಬಿಡುವಿನಲ್ಲಿ ಮೂಟೆಯ ಮೇಲೆ ಕೂತು ಕೇಳುತ್ತಿದ್ದರಂತೆ. ಸಮಾಸಗಳಲ್ಲಿ ಅವರು ಮಗನಿಗಿಂತ ಮುಂದಿದ್ದರು ಎಂದು ಸರ್ ಹೇಳುತ್ತಾರೆ.

೩. ಗೋಡೆಗೆ ಮುಖ

ಶಾಲೆ ತೆರೆಯಿತು. ಸ್ಟಾಫ್ ರೂಮಿನ ದೊಡ್ಡ ಮೇಜನ್ನು ತೆಗೆದರು.

ಆ ಮೇಜು ಸಾಮಾನ್ಯದ್ದಲ್ಲ. ನನ್ನ ನೀರುದೋಸೆ, ಕನ್ನಡ ಸರ್ ತರುವ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ, ಬೆಂಗಳೂರಿನವರಾದ ವಿಜ್ಞಾನದ ಟೀಚರಿನ ಬಿಸಿಬೇಳೆಬಾತು, ಎಲ್ಲ ಅದರ ನಡುವೆ ಬಂದು ಸೇರುತ್ತಿದ್ದವು. ಯಾರೂ ತಮ್ಮ ಡಬ್ಬಿಯದನ್ನು ತಾವು ತಿಂದ ದಾಖಲೆ ಇಲ್ಲ. ಈಗ ಊಟ ಹಂಚಿಕೊಳ್ಳುವಂತಿಲ್ಲ, ಎದುರುಬದುರು ಕೂರುವಂತಿಲ್ಲ, ಮಾಸ್ಕ್ ತೆಗೆದು ಮಾತಾಡುವಂತಿಲ್ಲ. ಆದ್ದರಿಂದ ಬೆಂಚುಗಳನ್ನು ದೂರ ದೂರಕ್ಕೆ ಹಾಕಿ, ಎಲ್ಲರನ್ನೂ ಗೋಡೆಗೆ ಮುಖ ಮಾಡಿ ಕೂರಿಸಲಾಯಿತು. ನಾವು ನಮ್ಮ ನಮ್ಮ ಅಡುಗೆ ತಿಂದೆವು. ನನ್ನ ನೀರುದೋಸೆಗೆ ಉಪ್ಪು ಕಡಿಮೆ ಎನ್ನುವುದು ಅಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ತಿಳಿಯಿತು. ಅದುವರೆಗೆ ತಿಂದವರು ಯಾರೂ ಹೇಳಿರಲಿಲ್ಲ. ಒಳ್ಳೆಯ ಜನ.

ಒಂದು ದಿನ ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಕಿಟಕಿಯ ಹತ್ತಿರ ಹಾದುಹೋಗುವಾಗ ನಿಂತರು. ಹೆಡ್ ಮೇಡಂ ಸಹಿತ ಎಲ್ಲ ಶಿಕ್ಷಕರೂ ಗೋಡೆ ನೋಡುತ್ತಾ ಸಾಲಾಗಿ ಕೂತಿರುವುದನ್ನು ನೋಡಿದರು. ಒಬ್ಬಳು ಪಿಸುದನಿಯಲ್ಲಿ ಇನ್ನೊಬ್ಬಳನ್ನು ಕೇಳಿದಳು: "ಇವರು ಏನು ತಪ್ಪು ಮಾಡಿದ್ದಾರೆ?"

ಇನ್ನೊಬ್ಬಳು ಸ್ವಲ್ಪ ಯೋಚಿಸಿ, "ಹೋಮ್‌ವರ್ಕ್ ತಂದಿಲ್ಲ ಕಾಣ್ತದೆ," ಎಂದಳು.

೪. ಕಾಲು ಚಾಚಲು ಜಾಗ

ಕನ್ನಡ ಸರ್‌ಗೆ ಕೆಮ್ಮು ಇದೆ ಎಂದು ಇಲ್ಲಿ ಹೇಳಬೇಕು. ಸೀಮೆಸುಣ್ಣದ ಪುಡಿಯಿಂದ ಬಂದ ಹಳೆಯ ಕೆಮ್ಮು. ನಾನು ಈ ಶಾಲೆಗೆ ಸೇರುವ ಮೊದಲೇ ಅದು ಸೇರಿತ್ತು. ಎಲ್ಲ ಪರೀಕ್ಷೆ ಮಾಡಿಸಿದ್ದರು, ಎದೆಯಲ್ಲಿ ಏನೂ ಇರಲಿಲ್ಲ. ಮೊದಲು ಸಣ್ಣವು ಎರಡು, ಒಂದು ವಿರಾಮ, ಆಮೇಲೆ ಉದ್ದದ್ದೊಂದು, ಕೊನೆಗೆ ಸಮಾಧಾನದ ಒಂದು "ಹ್ಹಾಂ". ಕೆಳಗಿನ ಮೆಟ್ಟಿಲಲ್ಲಿ ಅದು ಕೇಳಿದರೆ ಮೇಲಿನ ಮಹಡಿಯ ಎಲ್ಲ ತರಗತಿಗಳೂ ಗಪ್ಪಾಗುತ್ತಿದ್ದವು. ನನ್ನ ತರಗತಿಯ ಶಿಸ್ತಿನಲ್ಲಿ ಅರ್ಧ ಪಾಲು ಆ ಕೆಮ್ಮಿನದು.

ರೋಗ ಬಂದ ಮೇಲೆ ಆ ಕೆಮ್ಮಿಗೆ ಬೇರೆ ಅರ್ಥ ಬಂತು. ಒಮ್ಮೆ ಸರ್ ಸ್ಟೇಷನ್ನಿನಿಂದ ಶೇರ್ ರಿಕ್ಷಾದಲ್ಲಿ ಬರುತ್ತಿದ್ದಾಗ ಸಣ್ಣವೆರಡು ಹೊರಬಂದವು. ಪಕ್ಕದಲ್ಲಿದ್ದವರು ಸಿಗ್ನಲಿನಲ್ಲಿ ಇಳಿದುಬಿಟ್ಟರು. ಡೊಂಬಿವಲಿಗೆ ಬಂದಂದಿನಿಂದ ಶೇರ್ ರಿಕ್ಷಾದಲ್ಲಿ ಕಾಲು ಚಾಚುವಷ್ಟು ಜಾಗ ಸಿಕ್ಕಿದ್ದು ಅವತ್ತೇ ಅಂತೆ. ಸರ್ ಆರಾಮಾಗಿ ಒರಗಿ ಕೂತರು. ಆಗ ಉದ್ದದ್ದು ಬಂತು.

ಡ್ರೈವರನೂ ಇಳಿದ.

ಅವತ್ತಿನಿಂದ ಸರ್ ಕೆಮ್ಮುವುದನ್ನು ನಿಲ್ಲಿಸಿದರು. ಬಂದರೆ ನುಂಗುತ್ತಿದ್ದರು. ಮಾಸ್ಕಿನ ಒಳಗೆ ಲವಂಗ ಕಚ್ಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಪಾಠ ಮಾಡುತ್ತಿದ್ದರು. ಇದನ್ನು ನೋಡಿದ ಪಿ.ಟಿ. ಸರ್, ಪದ್ಯಪಾಠ ಅವರನ್ನು ಇಷ್ಟು ಕಲಕುತ್ತದೆ ಎಂದು ಗೊತ್ತಿರಲಿಲ್ಲ ಎಂದರು.

ಮನೆಯಲ್ಲೂ ಹಾಗೆಯೇ. ಅವರದು ಒನ್ ರೂಮ್ ಕಿಚನ್. ಅದನ್ನು ಪೂರ್ತಿ ಹೆಂಡತಿಗೆ ಬಿಟ್ಟು ಸರ್ ಮನೆ ಮುಂದಿನ ವರಾಂಡದಂಥ ಗ್ಯಾಲರಿಯಲ್ಲಿ ಹಾಸಿಗೆ ಹಾಕಿಕೊಂಡಿದ್ದರು. ನಡುವೆ ಬಾಗಿಲು ಸದಾ ಮುಚ್ಚಿಯೇ ಇರುತ್ತಿತ್ತು. ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಒಂದೊಂದು ಮಾತೂ ಮೊದಲು ಬಾಗಿಲಿನ ಸಂದಿಯಿಂದ, ಆಮೇಲೆ ಫೋನಿನಿಂದ, ಹೀಗೆ ಎರಡು ಸಲ ಕೇಳುತ್ತಿತ್ತಂತೆ. ಮದುವೆಯಾದ ಮೇಲೆ ಹೆಂಡತಿಯ ಮಾತನ್ನು ಇಷ್ಟು ಗಮನ ಕೊಟ್ಟು ಕೇಳಿದ್ದು ಇದೇ ಮೊದಲು ಎಂದು ಸರ್ ಹೇಳಿದರು. ಆಕೆ ಹೆದರಬಾರದೆಂದು ಅಲ್ಲಿಯೂ ಕೆಮ್ಮನ್ನು ದಿಂಬಿನಲ್ಲಿ ಮುಚ್ಚಿಹಾಕುತ್ತಿದ್ದರು.

೫. ಯಾರ ಕೆಮ್ಮು

ಒಂದು ಮಧ್ಯಾಹ್ನ ಊಟದ ಬಿಡುವು ಮುಗಿದು ಸರ್ ಹತ್ತನೆಯ ತರಗತಿಗೆ ಹೋದರು. ಕೆಮ್ಮು ಇಲ್ಲದ್ದರಿಂದ ಅವರು ಬರುವುದು ಯಾರಿಗೂ ತಿಳಿಯಲಿಲ್ಲ. ಬಾಗಿಲಿಗೆ ಕಾಲಿಟ್ಟಾಗ ಒಳಗೆ ಯಾರೋ ಜೋರಾಗಿ ಕೆಮ್ಮುತ್ತಿದ್ದರು.

ಸರ್ ಅಲ್ಲೇ ನಿಂತರು. ಯಾರಿಗೆ ಕೆಮ್ಮು ಎಂದು ಕೇಳಿದರು. ತರಗತಿ ಎದ್ದು ನಿಂತು, ಬೋರ್ಡಿನ ಹತ್ತಿರ ನಿಂತಿದ್ದ ಒಬ್ಬ ಹುಡುಗನ ಕಡೆ ತಿರುಗಿ ನೋಡಿತು. ಎಂದಿನಿಂದ ಕೆಮ್ಮು ಎಂದರೆ ಅವನು ತಲೆ ತಗ್ಗಿಸಿದ. ಜ್ವರ ಇದೆಯೇ ಎಂದರೂ ತಲೆ ತಗ್ಗಿಸಿದ.

ಆಮೇಲೆ ನಡೆದದ್ದೆಲ್ಲ ಸುತ್ತೋಲೆಯಲ್ಲಿ ಹೇಳಿದ ಹಾಗೆಯೇ ನಡೆಯಿತು, ಸ್ವಲ್ಪ ಓಡುತ್ತಾ. ಹುಡುಗನನ್ನು ಮೈದಾನದ ಪಕ್ಕದ ಡ್ರಾಯಿಂಗ್ ರೂಮಿನಲ್ಲಿ ಕೂರಿಸಿದರು. ಹಣೆಗೆ ಹಿಡಿದ ಯಂತ್ರ ಜ್ವರ ಇಲ್ಲ ಎಂದಿತು. ಆದರೆ ಆ ಯಂತ್ರ ಅವತ್ತು ಬಿಸಿಲಿಗೆ ಕಾದ ಗೇಟಿನ ಕಬ್ಬಿಣಕ್ಕೂ ಜ್ವರ ಇಲ್ಲ ಎಂದು ಹೇಳಿದ್ದರಿಂದ ಯಾರೂ ನಂಬಲಿಲ್ಲ. ತಾಯಿಯನ್ನು ಕೂಡಲೇ ಬರಹೇಳಿದರು. ಹೆಡ್ ಮೇಡಂ ಸ್ಯಾನಿಟೈಜರಿನ ಬಾಟಲಿ ಕೈಯಲ್ಲಿ ಹಿಡಿದು, ಎಲ್ಲಿ ಹೊಡೆಯಬೇಕೆಂದು ತಿಳಿಯದೆ ಗಾಳಿಗೆ ಹೊಡೆದರು.

ಕನ್ನಡ ಸರ್ ಮೈದಾನದ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ನಾನು ದೂರದಲ್ಲಿ ನಿಂತು ಏನಾದರೂ ಬೇಕೇ ಎಂದು ಕೇಳಿದೆ. ಅವರು ಕೈ ಅಲ್ಲಾಡಿಸಿ, ಫೋನು ತೆಗೆದು ಬೆಂಚಿನ ಮೇಲಿಟ್ಟು ಹೆಂಡತಿಗೆ ಹಚ್ಚಿದರು. ಫೋನನ್ನು ಮುಖಕ್ಕೆ ತಾಗಿಸಬಾರದೆಂದು ಆಗ ನಾವೆಲ್ಲ ಸ್ಪೀಕರಿನಲ್ಲೇ ಮಾತಾಡುತ್ತಿದ್ದೆವು. ಹಾಗಾಗಿ ಆ ವರ್ಷ ಯಾರ ಸಂಸಾರದಲ್ಲೂ ಗುಟ್ಟು ಇರಲಿಲ್ಲ.

"ಇವತ್ತ ಮನೀಗೆ ಬರೂದಿಲ್ಲ," ಎಂದರು ಸರ್. "ಸ್ವಲ್ಪ ದಿನ ಸಾಲ್ಯಾಗ ಇರ್ತೇನಿ."

"ಯಾಕ್ರಿ? ಏನಾತು?"

ಸರ್ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. ಅತ್ತಲಿಂದ ಆಕೆಯ ಉಸಿರಾಟ ಕೇಳುತ್ತಿತ್ತು, ಮೆಟ್ಟಿಲು ಹತ್ತಿ ಬಂದವರ ಉಸಿರಿನ ಹಾಗೆ.

ಡ್ರಾಯಿಂಗ್ ರೂಮಿನ ಕಿಟಕಿಯಲ್ಲಿ ಹುಡುಗ ಇದನ್ನೆಲ್ಲ ಕೇಳುತ್ತಿದ್ದ. ಬಾಗಿಲು ತೆರೆದು ಹೊರಗೆ ಬಂದ. ಹೆಡ್ ಮೇಡಂ ಬಾಟಲಿ ಎತ್ತಿದರು. ಅವನು ನಿಲ್ಲಲಿಲ್ಲ. ಸರ್ ಫೋನನ್ನು ಬೆಂಚಿನ ಮೇಲೆಯೇ ಬಿಟ್ಟು ಎದ್ದು ದೂರ ಸರಿದರು.

"ಸರ್, ನೀವು ಮನೆಗೆ ಹೋಗಿ ಸರ್. ನನಗೇನೂ ಆಗಿಲ್ಲ."

"ನಿನಗ ಕೆಮ್ಮು ಅದಲ್ಲೋ."

"ಅದು ನನ್ನ ಕೆಮ್ಮಲ್ಲ ಸರ್." ಹುಡುಗ ಒಮ್ಮೆ ಹೆಡ್ ಮೇಡಂ ಕಡೆ, ಒಮ್ಮೆ ನೆಲದ ಕಡೆ ನೋಡಿದ. "ನಿಮ್ದು."

ವಿಷಯ ಇಷ್ಟು. ಹುಡುಗ ಬಿಡುವಿನಲ್ಲಿ ಎಲ್ಲ ಶಿಕ್ಷಕರ ಹಾಗೆ ಮಾಡಿ ತೋರಿಸುತ್ತಾನೆ. ಕನ್ನಡ ಸರ್‌ಗೆ ಬೇಡಿಕೆ ಮೊದಲಿನಿಂದಲೂ ಹೆಚ್ಚು. ಈ ವರ್ಷ ಸರ್ ತಾವಾಗಿ ಕೆಮ್ಮುವುದನ್ನು ನಿಲ್ಲಿಸಿದ ಮೇಲೆ ಬೇಡಿಕೆ ಇನ್ನೂ ಏರಿದೆ. ನನ್ನದನ್ನೂ ಮಾಡುತ್ತೀಯಾ ಎಂದು ಹೆಡ್ ಮೇಡಂ ಕೇಳಿದರು. ಹುಡುಗ ಅವರ ಕೈಯಲ್ಲಿದ್ದ ಬಾಟಲಿ ನೋಡಿದ.

ಸರ್ ನಂಬಲಿಲ್ಲ. ಮನೆಗೆ ಕಳಿಸುತ್ತಾರೆಂಬ ಹೆದರಿಕೆಗೆ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡರು. "ಅಲ್ಲಿ ದೂರ ಹೋಗಿ ನಿಂದರು. ಮಾಡಿ ತೋರ್ಸು," ಎಂದರು.

ಹುಡುಗ ಮೈದಾನದ ತುದಿಗೆ ಹೋಗಿ ನಿಂತ. ಮಾಸ್ಕ್ ಸರಿ ಮಾಡಿಕೊಂಡ. ಸಣ್ಣವು ಎರಡು. ವಿರಾಮ. ಉದ್ದದ್ದೊಂದು, ಮೈದಾನ ದಾಟಿ, ಗೋಡೆಗೆ ಬಡಿದು, ಮೆಟ್ಟಿಲು ಹತ್ತಿ ಹೋಯಿತು. ಕೊನೆಗೆ ಒಂದು "ಹ್ಹಾಂ".

ಮೇಲಿನ ಮಹಡಿಯಲ್ಲಿ ಗದ್ದಲ ಮಾಡುತ್ತಿದ್ದ ತರಗತಿಗಳೆಲ್ಲ ಒಮ್ಮೆಲೇ ಗಪ್ಪಾದವು.

ಆ ಮೌನದಲ್ಲಿ ಬೆಂಚಿನ ಮೇಲಿನ ಫೋನು ಮಾತಾಡಿತು. ಅದನ್ನು ಯಾರೂ ಕಟ್ ಮಾಡಿರಲಿಲ್ಲ.

"ಹಾಂ, ಈಗ ಕೆಮ್ಮಿದ್ರಿ ನೋಡ್ರಿ," ಎಂದರು ಸರ್ ಹೆಂಡತಿ. "ಎಷ್ಟ ದಿನಾ ಆಗಿತ್ತು. ರಾತ್ರಿ ಗ್ಯಾಲರ‍್ಯಾಗ ನಿಮ್ಮ ಸಪ್ಪಳಾನ ಇಲ್ಲ. ಎದ್ಯಾಗ ಏನೋ ಆಗೇದ, ನನ್ನ ಮುಂದ ಹೇಳವಲ್ರು ಅಂತ ನಿದ್ದಿ ಹತ್ತಿಲ್ಲ ನನಗ. ಇದು ನಿಮ್ಮ ಹಳೇ ಕೆಮ್ಮ ಅದ. ಮದುವ್ಯಾದಾಗಿಂದ ಕೇಳೇನಿ, ಇದರಿಂದ ಯಾರಿಗೂ ಏನೂ ಆಗಂಗಿಲ್ಲ. ಸುಮ್ಮ ಮನೀಗೆ ಬರ‍್ರಿ."

ಸರ್ ಬೆಂಚಿನ ಹತ್ತಿರ ಬಂದು ಫೋನು ನೋಡಿದರು. ಮೈದಾನದ ತುದಿಯಲ್ಲಿ ನಿಂತ ಹುಡುಗನನ್ನು ನೋಡಿದರು. ಕೆಮ್ಮಿದ್ದು ಯಾರು ಎಂದು ಹೇಳುತ್ತಾರೇನೋ ಎಂದು ನಾವು ಕಾದೆವು.

"ಬರ್ತೇನಿ," ಎಂದರು.

ಅಷ್ಟರಲ್ಲಿ ಹುಡುಗನ ತಾಯಿ ಕೆಲಸದ ಮನೆಯಿಂದ ಓಡಿಕೊಂಡು ಬಂದರು. ಮಗನಿಗೆ ಏನಾಯಿತು ಎಂದು ಕೇಳಿದರು. ಹೆಡ್ ಮೇಡಂ ಬಾಟಲಿ ಕೆಳಗಿಳಿಸಿ, ಕಾಯಿಲೆ ಏನೂ ಇಲ್ಲ, ಪ್ರತಿಭೆ ಇದೆ ಎಂದು ಹೇಳಿದರು.

ಅಂದಿನಿಂದ ಸರ್ ತಮ್ಮ ಗ್ಯಾಲರಿಯಲ್ಲಿ ಧಾರಾಳವಾಗಿ ಕೆಮ್ಮತೊಡಗಿದರು. ಬಾಗಿಲಿನ ಒಳಗೆ ಹೆಂಡತಿ ನಿಶ್ಚಿಂತೆಯಿಂದ ಮಲಗಿದರು. ಅಕ್ಕಪಕ್ಕದ ಮನೆಯವರು ಮಾತ್ರ ಕಿಟಕಿ ಮುಚ್ಚಿಕೊಂಡರು. ರೋಗ ಆ ಬಾಗಿಲು ದಾಟಲಿಲ್ಲ. ಸ್ಟಾಫ್ ರೂಮಿನ ಮೇಜು ವಾಪಸು ಬಂದಾಗ, ಅದರ ಮೇಲೆ ಮೊದಲು ಬಂದು ಕೂತದ್ದು ಆಕೆಯೇ ಬಡಿದು ಕಳಿಸಿದ ರೊಟ್ಟಿಗಳು.

ಆ ವರ್ಷ ಹತ್ತನೆಯ ತರಗತಿಗೆ ಕೊನೆಗೂ ಪರೀಕ್ಷೆ ನಡೆಯಲಿಲ್ಲ, ಎಲ್ಲರನ್ನೂ ಹಾಗೆಯೇ ಪಾಸು ಮಾಡಿದರು. ನಮ್ಮ ಶಾಲೆಯಲ್ಲಿ ಪರೀಕ್ಷೆ ಕೊಟ್ಟು ಪಾಸಾದವನು ಆ ಹುಡುಗ ಒಬ್ಬನೇ. ಅದೂ ಫೋನಿನಲ್ಲಿ ಕೇಳಿದ ಹೊರಗಿನ ಪರೀಕ್ಷಕರಿಂದ.