ಮುಖ, ಕಣ್ಣೀರು, ಲೆಕ್ಕ

ನನ್ನ ಸೋದರಮಾವನನ್ನು ಯಾರೂ "ಊಟ ಆಯಿತಾ?" ಎಂದು ಕೇಳಬಾರದು. ಕೇಳಿದರೆ ಅವರು ಆಯಿತು ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಈ ಪ್ರಶ್ನೆಗೆ ನಿಮಗೆ ಉತ್ತರ ಬೇಕಾಗಿಲ್ಲ ಅಲ್ವಾ? ಆತ್ಮೀಯತೆ ತೋರಿಸ್ಲಿಕ್ಕೆ ಕೇಳಿದ್ದು. ಒಳ್ಳೆಯ ಆರಂಭ. ಮುಂದೆ ಎಂತ ಕೇಳ್ಲಿಕ್ಕುಂಟು?" ಎನ್ನುತ್ತಾರೆ. ಕೇಳಿದವರು ಪಾಪ, ಏಣಿ ಕೇಳಲು ಬಂದ ಪಕ್ಕದ ಮನೆಯವರಾಗಿರುತ್ತಾರೆ. ಏಣಿ ಕೇಳದೆ ಹಿಂದಿರುಗುತ್ತಾರೆ. ಕಾಪುವಿನಲ್ಲಿ ಮಾವನ ಮನೆಯ ಏಣಿಯಷ್ಟು ಸುಖವಾಗಿರುವ ಏಣಿ ಮತ್ತೊಂದಿಲ್ಲ.

ಇದು ಹುಟ್ಟುಗುಣವಲ್ಲ. ಅರವತ್ತು ದಾಟಿದ ಮೇಲೆ, ಮಣಿಪಾಲದಲ್ಲಿ, ನನ್ನದೇ ತರಗತಿಯಲ್ಲಿ ಕುಳಿತು ಕಲಿತದ್ದು.

ಮಾವ ಆಯುಷ್ಯವಿಡೀ ಜೀವವಿಮೆಯ ಏಜೆಂಟರಾಗಿದ್ದರು. ಏಜೆಂಟ್ ಎಂದರೆ ಮಾತಿನಿಂದ ಮನಸ್ಸು ತಿರುಗಿಸುವವನು ಎಂದು ನೀವು ತಿಳಿದಿರಬಹುದು. ಮಾವನ ವಿಷಯದಲ್ಲಿ ತಿರುಗುತ್ತಿದ್ದುದು ಮಾವನ ಮನಸ್ಸೇ. ಮಟ್ಟುವಿನ ಗುಳ್ಳ ಬೆಳೆಯುವ ರೈತರಿಗೆ ಪಾಲಿಸಿ ಮಾಡಿಸುತ್ತೇನೆಂದು ಹೋದವರು ಒಂದು ಗೋಣಿ ಗುಳ್ಳ ಕೊಂಡು ಬಂದರು. ಮನೆಯವರು ಬಹಳ ದಿನ ಬದನೆಕಾಯಿಯನ್ನೇ ಉಂಡರು. ಕಾರ್ಕಳದಲ್ಲಿ ಒಬ್ಬ ಶಿಲ್ಪಿಗೆ ಬದುಕು ಎಷ್ಟು ಅನಿಶ್ಚಿತ ಎಂದು ವಿವರಿಸಲು ಹೋದವರು ಅವನು ಅರ್ಧ ಕೆತ್ತಿ ಬಿಟ್ಟಿದ್ದ ಕಲ್ಲಿನ ಆನೆಯನ್ನು ಟೆಂಪೋದಲ್ಲಿ ಹೇರಿಸಿಕೊಂಡು ಬಂದರು. ಆನೆಗೆ ಸೊಂಡಿಲಿರಲಿಲ್ಲ.

ಅತ್ತೆ ಆನೆಯನ್ನು ಒಂದು ಸುತ್ತು ಬಂದು ಕೇಳಿದರು: "ಪಾಲಿಸಿ ಯಾರಿಗೆ ಮಾಡಿಸಿದ್ದು, ಇದಕ್ಕಾ?"

ಮಾವ ನಿಜವಾಗಿ ಮಾಡಿಸಿದ ಪಾಲಿಸಿಗಳು ತನ್ನದು, ಅತ್ತೆಯದು ಮತ್ತು ನನ್ನ ಅಮ್ಮನದು. ಅಮ್ಮ ಒಡಹುಟ್ಟಿದ ತಂಗಿ. ತಪ್ಪಿಸಿಕೊಂಡು ಎಲ್ಲಿಗೆ ಹೋಗುವುದು?

ಏಜೆನ್ಸಿ ಬಿಟ್ಟ ಮೇಲೆ ಮಾವನಿಗೆ ಒಂದೇ ಯೋಚನೆ ಹಿಡಿಯಿತು. "ನಾನು ಹೇಳಿದ್ದು ಯಾವುದೂ ಸುಳ್ಳಲ್ಲ ಮಗಾ. ಆದರೂ ಜನ ಯಾಕೆ ಕೇಳ್ಲಿಲ್ಲ?" ನಾನು ಆಗ ಮಣಿಪಾಲದಲ್ಲಿ ಸಂಜೆ ಹೊತ್ತು ಬರವಣಿಗೆಯ ತರಗತಿ ನಡೆಸುತ್ತಿದ್ದೆ. ಯಾರು ಬೇಕಾದರೂ ಸೇರಬಹುದಾದ ಕೋರ್ಸು. ಆ ಅವಧಿಯ ಪಾಠ ರೆಟರಿಕಲ್ ಅನಾಲಿಸಿಸ್ ಪ್ರಬಂಧ. ಹೆಸರು ಕೇಳಿ ಹೆದರಬೇಡಿ. ಒಬ್ಬರು ಮಾಡಿದ ಭಾಷಣವನ್ನೋ ಬರೆದ ಲೇಖನವನ್ನೋ ತೆಗೆದುಕೊಂಡು, ಅವರು ಹೇಳಿದ್ದು ಸರಿಯೋ ತಪ್ಪೋ ಎಂಬುದನ್ನು ಪಕ್ಕಕ್ಕಿಟ್ಟು, ಯಾವ ಉಪಾಯದಿಂದ ಅದು ಕೇಳುಗರ ಮನಸ್ಸಿನೊಳಗೆ ಇಳಿಯಿತು ಎಂದು ಬಿಡಿಸಿ ತೋರಿಸುವುದು, ಅಷ್ಟೇ. ಇದನ್ನು ಒಂದು ಭಾನುವಾರ ಮಾವನಿಗೆ ಬಾಯಿತಪ್ಪಿ ಹೇಳಿದೆ. ಸೋಮವಾರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಅತ್ತೆ ಕಟ್ಟಿಕೊಟ್ಟ ಅವಲಕ್ಕಿಯ ಡಬ್ಬಿ ಹಿಡಿದು, ಮೊದಲ ಬೆಂಚಿನಲ್ಲಿ ಕುಳಿತಿದ್ದರು.

ಅಂದು ನಾನು ಈಥೋಸ್, ಪೇಥೋಸ್, ಲೋಗೋಸ್ ಎಂಬ ಮೂರು ದಾರಿಗಳನ್ನು ವಿವರಿಸಿದೆ. ಮಾತನಾಡುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ಮತ್ತು ತರ್ಕ. ಮಾವ ಕೈಯೆತ್ತಿದರು. "ಮೇಡಂ, ಅಂದರೆ ಮುಖ, ಕಣ್ಣೀರು, ಲೆಕ್ಕ." ಇಪ್ಪತ್ತರ ಹರೆಯದ ಇಡೀ ತರಗತಿ ಅದನ್ನೇ ಬರೆದುಕೊಂಡಿತು. ನನ್ನ ಗ್ರೀಕ್ ಪದಗಳು ಅಲ್ಲಿಗೆ ಮುಗಿದವು.

ಅಭ್ಯಾಸಕ್ಕೆಂದು ನಾನು ಕೊಟ್ಟದ್ದು ಒಂದು ಸಣ್ಣ ಭಾಷಣ. ಮಕ್ಕಳು ಕಡಿಮೆಯಾಗಿ ಮುಚ್ಚಲಿರುವ ಹಳ್ಳಿಶಾಲೆಯ ಮುಖ್ಯೋಪಾಧ್ಯಾಯಿನಿ ಹೆತ್ತವರ ಸಭೆಯಲ್ಲಿ ಮಾಡಿದ್ದು. ಮಾವ ಬರೆದ ಮೊದಲ ಪ್ರಬಂಧದಲ್ಲಿ ಭಾಷಣದ ಸಾರಾಂಶವಿತ್ತು, ಕೊನೆಯಲ್ಲಿ "ಧರಣಿ ಇಡುವುದಾದರೆ ನಾನೂ ಬರುತ್ತೇನೆ" ಎಂದಿತ್ತು. ಏನು ಹೇಳಿದರು ಎಂಬುದಲ್ಲ, ಹೇಗೆ ಹೇಳಿದರು ಎಂದು ಬರೆಯಿರಿ ಎಂದೆ. ಎರಡನೆಯದರಲ್ಲಿ ಮಾವ ಆ ಟೀಚರರ ಜೊತೆ ಜಗಳಕ್ಕೆ ನಿಂತಿದ್ದರು; ಶಾಲೆಯ ಹಂಚು ಹಾರಿಹೋಗುವವರೆಗೆ ನೀವು ಸುಮ್ಮನಿದ್ದದ್ದು ಯಾಕೆ ಎಂದು ಅವರನ್ನೇ ಕೇಳಿದ್ದರು. ಮೂರನೆಯದರಲ್ಲಿ ಜಗಳವಿರಲಿಲ್ಲ. ಇಲ್ಲಿ ಮುಖ ಉಂಟು, ಇಲ್ಲಿ ಕಣ್ಣೀರು ಉಂಟು, ಇಲ್ಲಿ ಲೆಕ್ಕ ಉಂಟು ಎಂದು ಮನೆ ತೋರಿಸುವ ದಲ್ಲಾಳಿಯ ಹಾಗೆ ಕೋಣೆ ಕೋಣೆ ತೋರಿಸುತ್ತಾ ಹೋಗಿದ್ದರು. ನಾನು ಅಂಚಿನಲ್ಲಿ ಬರೆದೆ: "ಉಂಟು, ಸರಿ. ಅದರಿಂದ ಕೇಳುಗರಿಗೆ ಏನಾಯಿತು?"

ಈ ಪ್ರಶ್ನೆಯನ್ನು ಮಾವ ಜೇಬಿನಲ್ಲಿಟ್ಟುಕೊಂಡು ಊರು ತಿರುಗಲು ಹೊರಟರು.

ಮೊದಲು ಸಿಕ್ಕಿದ್ದು ಬಸ್ಸಿನ ಕಂಡಕ್ಟರು. ಉಡುಪಿಯಿಂದ ಕಾಪುವಿಗೆ ಬರುವ ಸಂಜೆಯ ಬಸ್ಸು. ಮಾವ ಬಾಗಿಲ ಹತ್ತಿರ ಸಿಕ್ಕಿಹಾಕಿಕೊಂಡು ನಿಂತಿದ್ದಾರೆ. ಕಂಡಕ್ಟರು ಕೂಗಿದರು: "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಖಾಲಿ ಉಂಟು!"

ಮಾವ ಕೇಳಿದರು: "ಖಾಲಿ ಉಂಟು ಅಂತ ನೀವು ಹೇಳುವಾಗ ನಿಮ್ಮ ಮೊಣಕೈ ನನ್ನ ಕುತ್ತಿಗೆಯಲ್ಲಿ ಉಂಟು. ಪುರಾವೆ ಎಲ್ಲ ನಿಮಗೆ ವಿರುದ್ಧ. ಆದರೂ ಜನ ಒಳಗೆ ಹೋಗ್ತಾರಲ್ಲ, ಯಾಕೆ?"

"ಯಾಕೆ ಅಂದ್ರೆ ಅವರಿಗೆ ಮನೆಗೆ ಹೋಗ್ಲಿಕ್ಕುಂಟು ಮಾರಾಯ್ರೆ. ನಿಮಗೆ ಇಲ್ವಾ?"

ಮಾವ ಇದನ್ನು ಆಳವಾಗಿ ಯೋಚಿಸಿದರು. ಆಮೇಲೆ ನನಗೆ ಫೋನು ಬಂತು. "ಮಗಾ, ಕೇಳುವವನಿಗೆ ಮೊದಲೇ ಎಂತ ಬೇಕು ಅಂತ ತಿಳಿದವನ ಮಾತು ಮಾತ್ರ ನಡೀತದೆ. ನಾನು ಪಾಲಿಸಿ ಮಾರುವಾಗ ನನಗೆ ಎಂತ ಬೇಕು ಅಂತ ಹೇಳ್ತಿದ್ದೆ. ಇವತ್ತು ಅರ್ಥ ಆಯ್ತು."

"ಒಳ್ಳೆಯದಾಯಿತು ಮಾವ. ಈಗ ಎಲ್ಲಿದ್ದೀರಿ?"

"ಪಡುಬಿದ್ರಿಯಲ್ಲಿ."

ಕಾಪು ಹೋಯಿತು, ಉಚ್ಚಿಲ ಹೋಯಿತು, ಮಾವನಿಗೆ ಅರ್ಥವಾಗುವಷ್ಟರಲ್ಲಿ ಪಡುಬಿದ್ರಿ ಬಂದಿತ್ತು.

ಆಮೇಲೆ ಉಡುಪಿಯಲ್ಲಿ ನಮ್ಮ ದೂರದ ಸಂಬಂಧಿಕರ ಮನೆಯ ಮದುವೆ. ಊಟದ ಪಂಕ್ತಿಯಲ್ಲಿ ಹುಡುಗಿಯ ತಂದೆ ಕೈಮುಗಿದು ಎಲ್ಲರಿಗೂ ಹೇಳುತ್ತಾ ಬಂದರು: "ನಿಧಾನವಾಗಿ ಊಟ ಮಾಡಿ, ಸಾವಕಾಶ, ಸಾವಕಾಶ." ಮಾವ ಎಲೆಯಿಂದ ತಲೆಯೆತ್ತಿದರು. "ನಮ್ಮ ಕುರ್ಚಿಯ ಹಿಂದೆಯೇ ಮುಂದಿನ ಪಂಕ್ತಿಯವರು ನಿಂತಿದ್ದಾರೆ. ಅವರಿಗೆ ಎಂತ ಹೇಳಿದ್ದೀರಿ?"

ಹುಡುಗಿಯ ತಂದೆ ಸಭ್ಯರು. ನಕ್ಕು ಮುಂದೆ ಹೋದರು. ಪಾಯಸದ ಪಾತ್ರೆಯೂ ಅವರ ಹಿಂದೆಯೇ ಮುಂದೆ ಹೋಯಿತು. ಮಾವನ ಎಲೆಯ ಮುಂದೆ ನಿಲ್ಲಲಿಲ್ಲ.

ಆದರೆ ಒಂದು ಮಾತು ಒಪ್ಪಬೇಕು. ಆ ವಾರ ಮಾವ ಕೊಟ್ಟ ನಾಲ್ಕನೆಯ ಪ್ರಬಂಧ ಓದಿ ನಾನು ಪೆನ್ನು ಕೆಳಗಿಟ್ಟೆ. ಟೀಚರು ಭಾಷಣದ ಅರ್ಧದವರೆಗೆ "ನಮ್ಮ ಮಕ್ಕಳು" ಎನ್ನುತ್ತಾರೆ, ಅಲ್ಲಿಂದ ಮುಂದೆ ಸದ್ದಿಲ್ಲದೆ "ನಿಮ್ಮ ಮಕ್ಕಳು" ಎಂದು ಬದಲಿಸುತ್ತಾರೆ, ಹೆತ್ತವರಿಗೆ ಗೊತ್ತಾಗುವ ಮೊದಲೇ ಶಾಲೆಯನ್ನು ಅವರ ಮಡಿಲಿಗೆ ಹಾಕಿ ಕೈ ಹಿಂದೆ ತೆಗೆದುಕೊಂಡಿದ್ದಾರೆ ಎಂದು ಬರೆದಿದ್ದರು. ಆ ಭಾಷಣವನ್ನು ಎಷ್ಟೋ ತಂಡಗಳಿಗೆ ಪಾಠ ಮಾಡಿದ ನನಗೇ ಅದು ಕಂಡಿರಲಿಲ್ಲ! ತರಗತಿಯಲ್ಲಿ ಓದಿಸಿದೆ. ಹುಡುಗರು ಚಪ್ಪಾಳೆ ತಟ್ಟಿದರು. ಮಾವ ಚಪ್ಪಾಳೆಯನ್ನು ವಿಶ್ಲೇಷಿಸದೆ ಕುಳಿತುಕೊಂಡರು. ಅಷ್ಟರಮಟ್ಟಿಗೆ ಅವರಿಗೆ ಸಂತೋಷವಾಗಿತ್ತು.

ಇದರ ಬಿಸಿ ತಟ್ಟಿದ್ದು ಅತ್ತೆಗೆ. ಪ್ರತಿ ಪ್ರಬಂಧವನ್ನೂ ಮಾವ ಮೊದಲು ಓದಿ ಹೇಳುತ್ತಿದ್ದುದು ಅವರಿಗೆ, ಅವರು ತರಕಾರಿ ಹೆಚ್ಚುವ ಹೊತ್ತಿಗೆ. ನಮ್ಮ ಮನೆಮಾತು ತುಳು. ಆದರೆ ವಿಶ್ಲೇಷಣೆಗೆ ಇಳಿದರೆ ಮಾವ ವೇದಿಕೆ ಹತ್ತಿದವರ ಹಾಗೆ ಕನ್ನಡಕ್ಕೆ ಬದಲಾಗುತ್ತಿದ್ದರು. ಒಂದು ದಿನ ಅತ್ತೆ, "ಈ ಕಾಯಿ ಒಂದು ತುರಿದು ಕೊಡಿ, ನನ್ನ ಎಡಗೈ ಯಾಕೋ ಸೆಳೀತದೆ" ಎಂದರು.

ಮಾವ ಕನ್ನಡಕ್ಕೆ ಬದಲಾದರು. "ನೋಡು, ಕೋರಿಕೆ ಮೊದಲು ಬಂತು, ಕಾರಣ ಆಮೇಲೆ. ಕೈನೋವು ಮೊದಲು ಬರಬೇಕಿತ್ತು. ಪರಿಣಾಮ ಜಾಸ್ತಿ."

ಅಂದಿನಿಂದ ಅತ್ತೆ ವಾಕ್ಯಗಳನ್ನೇ ನಿಲ್ಲಿಸಿಬಿಟ್ಟರು. "ಕಾಯಿ." "ಗ್ಯಾಸ್." "ಬಾಗಿಲು." ಬಿಡಿಸಲಿಕ್ಕೆ ಎಂತದೂ ಇಲ್ಲದ ಹಾಗೆ. ಮಾವ ನನ್ನಲ್ಲಿ ಹೇಳಿದರು: "ನಿನ್ನ ಅತ್ತೆಯ ಶೈಲಿ ಈಗ ಬಹಳ ಬಿಗಿಯಾಗಿದೆ."

ಒಂದು ಬೆಳಿಗ್ಗೆ ಅತ್ತೆ ಬಾವಿಕಟ್ಟೆಯ ಹತ್ತಿರ ಕುಳಿತವರು ಏಳಲಿಲ್ಲ. ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಹೃದಯದ ರಕ್ತನಾಳಗಳಲ್ಲಿ ತಡೆ ಉಂಟು, ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಬೇಕು, ಬಹಳ ದಿನ ಕಾಯುವ ಹಾಗಿಲ್ಲ ಎಂದರು ಡಾಕ್ಟರು. ಆಮೇಲೆ ಕೇಳಿದರು: "ಎಡಗೈ ನೋವು ಇತ್ತಾ? ಮನೆಯಲ್ಲಿ ಹೇಳಿದ್ರಾ?"

ಮಾವ ನೆಲ ನೋಡಿದರು. ಆ ವಾಕ್ಯವನ್ನು ಅವರು ತಿದ್ದಿದ್ದರು.

ಅತ್ತೆ ಮಾತ್ರ ಒಪ್ಪಲಿಲ್ಲ. ಗುಳಿಗೆ ಕೊಡಿ, ಪಥ್ಯ ಹೇಳಿ, ಎದೆ ಮಾತ್ರ ಮುಟ್ಟುವುದು ಬೇಡ. ಕಾರ್ಕಳದ ಅವರ ಅಕ್ಕ ಹಿಂದೊಮ್ಮೆ ಎಂತದೋ ಶಸ್ತ್ರಚಿಕಿತ್ಸೆಗೆಂದು ತಾವೇ ಚೀಲ ಹಿಡಿದು ನಗುತ್ತಾ ನಡೆದು ಹೋದವರು, ನಡೆದು ಬರಲಿಲ್ಲ. ಆ ಚೀಲ ಕಟ್ಟಿಕೊಟ್ಟವರು ಅತ್ತೆ.

ಮಾವ ತಾನು ಕಲಿತದ್ದನ್ನೆಲ್ಲ ಕೆಲಸಕ್ಕೆ ಹಚ್ಚಿದರು. ಮೊದಲು ಉಚ್ಚಿಲದಿಂದ ಇದೇ ಚಿಕಿತ್ಸೆ ಆಗಿ ಗಟ್ಟಿಮುಟ್ಟಾಗಿದ್ದ ಗೆಳೆಯರೊಬ್ಬರನ್ನು ಕರೆತಂದರು. ಅವರು ಚಾವಡಿಯಲ್ಲಿ ಅಂಗಿಯ ಗುಂಡಿ ಬಿಚ್ಚಿ ಎದೆಯ ಗಾಯದ ಗೆರೆ ತೋರಿಸಿದರು. ಅತ್ತೆ ಗೌರವದಿಂದ ನೋಡಿ, ಕಾಫಿ ಕೊಟ್ಟು, ಗೇಟಿನವರೆಗೆ ಹೋಗಿ ಬೀಳ್ಕೊಟ್ಟರು. ಒಳಗೆ ಬಂದು ಕೇಳಿದರು: "ಇದು ಮುಖ ಅಲ್ವಾ? ಅನುಭವಸ್ಥರ ಬಾಯಿಯಿಂದ ಹೇಳಿಸುವುದು?"

ಮಾವ ಹೌದು ಎನ್ನಬೇಕಾಯಿತು. ಮರುದಿನ ಡಾಕ್ಟರು ಬಿಡಿಸಿದ ಹೃದಯದ ಚಿತ್ರ ಹರಡಿ, ಯಾವ ನಾಳ, ಎಲ್ಲಿ ತಡೆ, ಮಾಡಿಸಿದರೆ ಏನು, ಬಿಟ್ಟರೆ ಏನು, ಮಂಗಳವಾರವೇ ಬಂದು ಸೇರಿ ಎಂದು ಡಾಕ್ಟರು ಹೇಳಿದ್ದು ಯಾಕೆ ಎಂದು ವಿವರಿಸಿದರು.

"ಲೆಕ್ಕ ಸರಿ ಉಂಟು," ಎಂದರು ಅತ್ತೆ. "ಅಕ್ಕನಿಗೆ ಹೇಳಿದ ಲೆಕ್ಕವೂ ಸರಿಯೇ ಇತ್ತು."

ಉಳಿದದ್ದು ಕಣ್ಣೀರು. ಅದಕ್ಕೆ ನನ್ನನ್ನು ಕರೆಸಿದರು. ಭಾನುವಾರ ಬೆಳಿಗ್ಗೆ ನಾನು ಅಳುವುದಕ್ಕೆಂದೇ ಮಣಿಪಾಲದಿಂದ ಕಾಪುವಿಗೆ ಬಸ್ಸು ಹತ್ತಿದೆ. ಹೇಗೆ ಅಳುವುದಪ್ಪಾ ಎಂದು ದಾರಿಯುದ್ದಕ್ಕೂ ಚಿಂತೆ. ಅತ್ತೆಯ ಇಳಿದ ಮುಖ ನೋಡಿದ್ದೇ ಚಿಂತೆ ಬಗೆಹರಿಯಿತು. ಅತ್ತೆ ಮುಖ ಒರೆಸಿಕೊಳ್ಳಲು ನನ್ನ ಕೈಗೆ ಬೈರಾಸು ಕೊಟ್ಟು ತಲೆ ಸವರಿದರು. "ನಿನ್ನ ಅಳು ನಿಜದ್ದೇ ಮಗಾ. ಆದರೆ ಕರೆಸಿದ್ದು ಯಾರು ಅಂತ ನನಗೆ ಗೊತ್ತುಂಟು."

ನನ್ನ ಕೋರ್ಸಿನ ಅತ್ಯುತ್ತಮ ವಿದ್ಯಾರ್ಥಿ ಫೀಸು ಕಟ್ಟದೆ, ತರಕಾರಿ ಹೆಚ್ಚುತ್ತಾ ಕಲಿತವರು! ಜಗತ್ತಿನಲ್ಲಿ ಯಾರಿಂದಲೂ ಒಪ್ಪಿಸಲಾಗದ ಒಬ್ಬ ಹೆಂಗಸನ್ನು ಮಾವ ಕೈಯಾರೆ ತಯಾರು ಮಾಡಿದ್ದರು. ಅದು ಮಾವನಿಗೂ ಹೊಳೆದಿರಬೇಕು. ಮಧ್ಯಾಹ್ನ ಊಟವಾದ ಮೇಲೆ ಅವರು ಡಾಕ್ಟರ ಚಿತ್ರವನ್ನು ಮಡಚಿ ಕಪಾಟಿನಲ್ಲಿಟ್ಟರು.

ಇಳಿಹೊತ್ತಿಗೆ ಅತ್ತೆ ಚಾವಡಿಯ ಮಂಚದಲ್ಲಿ ಒರಗಿದ್ದರು, ನಾನು ಕಾಲಿನ ಹತ್ತಿರ ಕುಳಿತಿದ್ದೆ. ಮಾವ ಚಹಾ ಮಾಡುತ್ತೇನೆಂದು ಒಳಗೆ ಹೋದವರು ಬಹಳ ಹೊತ್ತಾದರೂ ಬರಲಿಲ್ಲ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಖಾಲಿ ಪಾತ್ರೆ. ತುಳುವಿನಲ್ಲಿ, ಮೆಲ್ಲಗೆ ಹೇಳಿದರು:

"ಇಷ್ಟು ವರ್ಷ ಇಬ್ಬರಿಗೆ ನೀರಿಟ್ಟದ್ದು. ಒಬ್ಬನಿಗೆ ಎಷ್ಟು ಇಡುವುದು ಅಂತ ನನಗೆ ಗೊತ್ತಾಗುವುದಿಲ್ಲ."

ಅತ್ತೆ ಅವರನ್ನು ನೋಡಿದರು. "ಇದು..." ಎಂದು ಬಾಯಿ ತೆರೆದರು. ಮುಂದಿನ ಪದ ಬರಲಿಲ್ಲ. ಮಾವ ಪಾತ್ರೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು.

ಅತ್ತೆ ಹೇಳಿದರು: "ಮಂಗಳವಾರ ಬೇಡ. ಬುಧವಾರ ಹೋಗುವ."

ಶಸ್ತ್ರಚಿಕಿತ್ಸೆಯ ದಿನ ಮಾವ ಆಸ್ಪತ್ರೆಯ ಕುರ್ಚಿಯಲ್ಲಿ ಚಪ್ಪಲಿ ಬಿಚ್ಚಿಟ್ಟು ಕುಳಿತಿದ್ದರು. ನರ್ಸ್ ಒಬ್ಬಳು ಬಂದು, "ಹೆದರ್ಬೇಡಿ ಅಂಕಲ್, ಎಲ್ಲ ಸರಿ ಆಗ್ತದೆ" ಎಂದಳು. ನಾನು ಕಾದೆ. ಯಾವ ಪುರಾವೆಯ ಮೇಲೆ ಹೇಳುತ್ತಿ ಎಂದು ಈಗ ಕೇಳುತ್ತಾರೆ! "ಆಯ್ತಮ್ಮ," ಎಂದರು ಮಾವ, ಕೈಮುಗಿದು. ಎಲ್ಲ ಸರಿಯೇ ಆಯಿತು.

ಇಷ್ಟರಲ್ಲಿ ಕೋರ್ಸು ಮುಗಿದಿತ್ತು. ಕೊನೆಯ ಪ್ರಬಂಧಕ್ಕೆ ನಾನು ಕೊಟ್ಟ ವಿಷಯ: ನಿಮ್ಮ ಬದುಕಿನಲ್ಲಿ ಕೇಳಿದ ಅಥವಾ ಆಡಿದ, ಫಲ ಕೊಟ್ಟ ಒಂದು ಮಾತನ್ನು ವಿಶ್ಲೇಷಿಸಿ. ಎಲ್ಲರೂ ಕೊಟ್ಟರು, ಮಾವ ಕೊಡಲಿಲ್ಲ. ಅದು ಇಲ್ಲದೆ ಪಾಸು ಮಾಡುವಂತಿಲ್ಲ. ಅತ್ತೆ ಮನೆಗೆ ಬಂದು ಸ್ವಲ್ಪ ದಿನಗಳಾದ ಮೇಲೆ ನಾನು ಕಾಪುವಿಗೆ ಹೋದೆ.

ಇಬ್ಬರೂ ಜಗಲಿಯಲ್ಲಿದ್ದರು. ಎದೆಯ ಗಾಯ ಮಾಯುವವರೆಗೆ ಅತ್ತೆ ಕೈ ಮೇಲೆತ್ತುವ ಹಾಗಿರಲಿಲ್ಲ. ಅವರು ಕೆಳಗಿನ ಮೆಟ್ಟಿಲಲ್ಲಿ, ಮಾವ ಮೇಲಿನ ಮೆಟ್ಟಿಲಲ್ಲಿ. ಮಾವ ಬಾಚಣಿಗೆಯನ್ನು ಕಿವಿಗೆ ಸಿಕ್ಕಿಸಿ, ಕಪ್ಪು ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿ, ಅತ್ತೆಗೆ ಜಡೆ ಹಾಕುತ್ತಿದ್ದರು. ಜಡೆ ಒಂದು ಬದಿಗೆ ವಾಲಿತ್ತು.

"ಮಾವ, ಪ್ರಬಂಧ ಒಂದು ಬಾಕಿ ಉಂಟು," ಎಂದೆ. "ಅವತ್ತು ಅಡುಗೆಮನೆಯ ಬಾಗಿಲಲ್ಲಿ ಹೇಳಿದಿರಲ್ಲ, ಅದನ್ನೇ ಬರೆಯಿರಿ. ಒಂದು ಪುಟ ಸಾಕು. ಪಾಸು ಮಾಡುತ್ತೇನೆ."

ಮಾವ ಹಲ್ಲಿನಿಂದ ರಿಬ್ಬನ್ ತೆಗೆದರು.

"ಅದು ಬರೀಲಿಕ್ಕಿಲ್ಲ ಮಗಾ. ಅವಳಿಗೆ ಹೇಳಿದ್ದು."

ರಿಬ್ಬನ್ ಮತ್ತೆ ಹಲ್ಲಿಗೆ ಹೋಯಿತು. ಅತ್ತೆ ನನ್ನ ಕಡೆ ನೋಡಲಿಲ್ಲ. ಅಂಗಳ ನೋಡುತ್ತಾ, "ಬಲದ ಎಳೆ ಬಿಗಿ ಆಯ್ತು, ನೋಯ್ತದೆ" ಎಂದರು.

ಮಾವ ಹಾಕಿದ ಅಷ್ಟೂ ಜಡೆಯನ್ನು ಬಿಚ್ಚಿ, ಕೂದಲನ್ನು ಬೆನ್ನಿನ ಮೇಲೆ ಹರಡಿ, ಮತ್ತೆ ನೆತ್ತಿಯಿಂದ ಬಾಚತೊಡಗಿದರು.