ಕಿಟಕಿಯಲ್ಲಿ ನ್ಯಾಯಾಂಗ ನಿಂದನೆ

ಕೋರ್ಟಿನ ಆದೇಶಕ್ಕೆ ತಲೆಬಾಗಿ, ಇಷ್ಟು ವರ್ಷ ತಾವೇ ಆಳಿದ ವಾಚನಾಲಯದ ಬಾಗಿಲನ್ನು ಎಳೆದುಕೊಂಡು ಮಾಜಿ ಟ್ರಸ್ಟಿ ಹೊರಬಂದರು. ಬೀಗ ಟಕ್ಕೆಂದು ತಾನಾಗಿಯೇ ಬಿತ್ತು. ಆಮೇಲೆ ನೆನಪಾಯಿತು: ಕೀಲಿ ಒಳಗಡೆ ಮೊಳೆಯ ಮೇಲೇ ನೇತಾಡುತ್ತಿದೆ.

ಆದೇಶದಲ್ಲಿದ್ದದ್ದು ಎರಡೇ ಮಾತು. ಇವರು ಇನ್ನು ಕಟ್ಟಡದೊಳಗೆ ಕಾಲಿಡಕೂಡದು. ಮರುದಿನ ಸಂಜೆ ಐದರೊಳಗೆ ಕೀಲಿಯನ್ನು ಕೋರ್ಟಿನ ಅಮೀನನ ಕೈಗೆ ಕೊಡತಕ್ಕದ್ದು. ತಪ್ಪಿದರೆ ನ್ಯಾಯಾಂಗ ನಿಂದನೆ, ಜೈಲು. ಒಳಗೆ ಹೋದರೂ ನಿಂದನೆ, ಹೋಗದಿದ್ದರೂ ನಿಂದನೆ.

ಇನ್ನೊಂದು ಕೀಲಿ ಇರಲಿಲ್ಲ. "ಎರಡು ಕೀಲಿ ಇದ್ರೆ ಎರಡು ಪಾರ್ಟಿ ಆಗುತ್ತೆ" ಎಂದು ಮಾಡಿಸಗೊಡದವರು ಇವರೇ. ಪಾರ್ಟಿ ಹೇಗೂ ಎರಡಾಯಿತು. ಪತ್ರಿಕೆಗಳು ಹಾರುತ್ತವೆಂದು ಇವರು ಫ್ಯಾನ್ ಹಾಕಿಸಲಿಲ್ಲ. ಬೆವರಿದ ಸದಸ್ಯರು ಕೋರ್ಟಿಗೆ ಹೋದರು. ಇವರ ಜಾಗಕ್ಕೆ ಬಂದ ಹೊಸ ಟ್ರಸ್ಟಿ ಬೇರಾರೂ ಅಲ್ಲ, ಹೆಂಡತಿಯ ತಮ್ಮ.

ಬೆಳಗಾಗುತ್ತಲೇ ವಕೀಲರಿಗೆ ಫೋನು ಹೋಯಿತು.

"ಹೇಗಾದ್ರೂ ಒಂದು ತಡೆಯಾಜ್ಞೆ ತನ್ನಿ ಸಾರ್. ಈ ವಯಸ್ಸಲ್ಲಿ ಜೈಲಂದ್ರೆ ನನ್ನ ಸೊಂಟ ತಡ್ಯಲ್ಲ."

"ಮೇಲಿನ ಕೋರ್ಟಿಗೆ ಹೊರಟೇಬಿಟ್ಟೆ. ನಾನು ಬರೋತನಕ ನೀವು ಏನೂ ಮಾಡ್ಬೇಡಿ. ಸುಮ್ನಿರಿ."

ಸುಮ್ಮನಿರಿ ಎಂದು ಓದುಗರಿಗೆ ದಪ್ಪಕ್ಷರದಲ್ಲಿ ಬೋರ್ಡು ಬರೆಸಿ ಹಾಕಿದ್ದವರೇ ಇವರು. ತಮಗೆ ಮಾತ್ರ ಅದು ಕೈಲಾಗದ ಕೆಲಸ. ಮಧ್ಯಾಹ್ನದ ಹೊತ್ತಿಗೆ ವಾಚನಾಲಯದ ಕಿಟಕಿಯ ಕೆಳಗೆ ಸ್ಟೂಲು ಹಾಕಿಕೊಂಡು ನಿಂತಿದ್ದರು.

ಪಕ್ಕದಂಗಡಿಯ ದರ್ಜಿ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಬಂದ. "ಏನ್ ಸಾರ್, ಕಳ್ಳತನಾನಾ?"

"ಬಾಯ್ಮುಚ್ಚಯ್ಯ. ಆದೇಶ ಪಾಲಿಸ್ತಿದೀನಿ."

ವಿಷಯ ಕೇಳಿದ್ದೇ ದರ್ಜಿಗೆ ಹುರುಪೇರಿತು. ಉದ್ದನೆಯ ಕೋಲಿಗೆ ಕೊಕ್ಕೆ ಕಟ್ಟಿ ತಂದ. ಮಾಜಿ ಟ್ರಸ್ಟಿ ಸರಳಿನ ಸಂದಿಯಲ್ಲಿ ಕೋಲು ತೂರಿಸಿ ಮೀನು ಹಿಡಿಯುವವರಂತೆ ಆಡಿಸಿದರು. ಕೊಕ್ಕೆ ಕ್ಯಾಲೆಂಡರನ್ನು ಕೆಡವಿತು, ಗಡಿಯಾರಕ್ಕೆ ಗುದ್ದಿತು, ಕೀಲಿಯ ತಂಟೆಗೆ ಹೋಗಲಿಲ್ಲ.

"ಕಣ್ಣಿಗೆ ಕಾಣ್ದೆ ಹೇಗ್ ಸಿಗುತ್ತೆ? ತಲೆ ಹಾಕಿ ಸಾರ್. ಕಾಲಿಡಬೇಡಿ ಅಂದಿದಾರೆ, ತಲೆ ವಿಚಾರ ಎತ್ತಿಲ್ವಲ್ಲ!"

ಕಾನೂನಿನ ಪ್ರಕಾರ ಪಾಯಿಂಟು ಗಟ್ಟಿಯಾಗಿತ್ತು. ತಲೆ ಹಾಕಿದರು. ಹೋಗುವಾಗ ಕಿವಿಗಳು ಕೊಡೆಯ ಹಾಗೆ ಮಡಚಿಕೊಂಡವು. ಕೊಕ್ಕೆಗೆ ಕೀಲಿ ಸಿಕ್ಕಿತು, ಕೋಲಿನ ಗುಂಟ ಜಾರಿ ಅಂಗೈಗೇ ಬಂತು. ಸಂಭ್ರಮದಿಂದ ತಲೆ ಹಿಂದಕ್ಕೆಳೆದರು. ಕಿವಿಗಳು ಕೊಡೆಯ ಹಾಗೆ ಬಿಚ್ಚಿಕೊಂಡವು.

"ಅಯ್ಯೋ!"

"ಎಣ್ಣೆ ತರ್ಲಾ ಸಾರ್?"

ಹೊಲಿಗೆ ಮೆಷಿನ್ನಿನ ಎಣ್ಣೆ ಬಂತು. ಕಿವಿ ಮಿಂಚಿದವೇ ಹೊರತು ಬರಲಿಲ್ಲ. ಆ ಹೊತ್ತಿಗೆ ಹೆಂಡತಿ ಬಂದರು, ಹಿಂದೆಯೇ ಅವರ ತಮ್ಮ, ಅವನ ಹಿಂದೆ ಅಮೀನ. ಎಲ್ಲರಿಗೂ ದರ್ಶನವಾದದ್ದು ಹಿಂಭಾಗವೇ.

"ಇವರೇ ಅಂತ ಗುರುತು ಹಿಡೀತೀರಾ?" ಅಮೀನ ಹೆಂಡತಿಯನ್ನು ಕೇಳಿದ.

"ಕರ್ಮ. ಪ್ಯಾಂಟಿಗೆ ತೇಪೆ ಹಾಕಿದವಳು ನಾನೇ ಅಲ್ವಾ?"

"ಕೀಲಿ ತಗೊಳ್ಳಪ್ಪಾ ಮೊದ್ಲು!" ಒಳಗಿಂದ ಗುಹೆಯ ಧ್ವನಿ ಬಂತು. ಪಕ್ಕದ ಸಂದಿಯಿಂದ ಕೈಯೊಂದು ಹೊರಬಂದು ಕೀಲಿ ಚಾಚಿತು.

ಅಮೀನ ಕೀಲಿ ತೆಗೆದುಕೊಂಡು ಗಡಿಯಾರ ನೋಡಿಕೊಂಡ. ಐದಕ್ಕೆ ಇನ್ನೂ ಹೊತ್ತಿತ್ತು. "ಸರಿ. ನಿಂದನೆ ಇಲ್ಲ."

ಕಿಟಕಿಯೊಳಗಿನ ಮುಖ ಎಷ್ಟೋ ದಿನದ ಮೇಲೆ ನಕ್ಕಿತು. ನೋಡುವವರು ಯಾರೂ ಇರಲಿಲ್ಲ ಅಷ್ಟೆ.

ಭಾವಮೈದನೂ ಮೆತ್ತಗಾದ. "ಹೋಗ್ಲಿ ಬಿಡಿ ಭಾವ. ಎಷ್ಟಾದ್ರೂ ಮನೆಯವರು. ಒಂದು ಸರಳು ಕತ್ತರಿಸಿದ್ರಾಯ್ತು, ಟ್ರಸ್ಟಿನ ಪರವಾಗಿ ನಾನೇ ಒಪ್ಪಿಗೆ ಕೊಡ್ತೀನಿ." ದರ್ಜಿ ಓಡಿಹೋಗಿ ಗರಗಸದ ಸಮೇತ ವೆಲ್ಡರನ್ನು ಕರೆತಂದ. ಸರಳಿನ ಮೇಲೆ ಗರಗಸ ಕಿರ್ರೆಂದಿತು.

"ನಿಲ್ಸಿ! ನಿಲ್ಸಿ!"

ಕರಿ ಕೋಟು ರೆಕ್ಕೆಯಂತೆ ಬಡಿಯುತ್ತ ವಕೀಲರು ಓಡಿ ಬರುತ್ತಿದ್ದರು. "ಗೆದ್ವಿ ಸಾರ್! ಯಥಾಸ್ಥಿತಿ ಆದೇಶ ತಂದಿದೀನಿ! ಕಟ್ಟಡದ ಒಂದು ಮೊಳೆ, ಒಂದು ಸರಳು ಯಾರೂ ಮುಟ್ಟಂಗಿಲ್ಲ! ಒಳಗಿರೋದು ಒಳಗೆ, ಹೊರಗಿರೋದು ಹೊರಗೆ! ಎಲ್ಲಿ ನಮ್ಮ ಯಜಮಾನ್ರು?"

ದರ್ಜಿ ಕಿಟಕಿಯ ಕಡೆ ಬೆರಳು ತೋರಿಸಿದ.

ಅಮೀನ ಆದೇಶವನ್ನು ಓದಿದ, ಮಡಚಿದ, ವೆಲ್ಡರನ ಕೈಯಿಂದ ಗರಗಸ ಇಸಿದುಕೊಂಡ. ಕೀಲಿಯನ್ನು ಆ ಚಾಚಿದ ಕೈಗೇ ವಾಪಸಿಟ್ಟು ಬೆರಳು ಮಡಚಿದ. "ಆದೇಶ ಆದಾಗ ಇದು ನಿಮ್ಮ ಕೈಲಿತ್ತು. ಇದೂ ಇದ್ದಲ್ಲೇ ಇರ್ಬೇಕು ಸಾರ್. ಯಾರಾದ್ರೂ ಸರಳು ಮುಟ್ಟಿದ್ರೆ ನ್ಯಾಯಾಂಗ ನಿಂದನೆ."

"ಮುಂದಿನ ವಿಚಾರಣೆ ಯಾವತ್ತು?" ಹೆಂಡತಿ ಕೇಳಿದರು.

ವಕೀಲರು ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು. "ನಾಳೆಯಿಂದ ಕೋರ್ಟಿಗೆ ಬೇಸಿಗೆ ರಜೆ ಅಮ್ಮಾ. ಅದು ಮುಗಿದ ಕೂಡ್ಲೇ ಮೊದಲನೇ ಕೇಸು ನಮ್ಮದೇ."

ಒಳಗೆ ಸೆಕೆ ಬೇಯಿಸುತ್ತಿತ್ತು. ಫ್ಯಾನಿಲ್ಲದ ಆ ಹಾಲಿನಲ್ಲಿ ಮಾಜಿ ಟ್ರಸ್ಟಿ ಜೀವಮಾನದಲ್ಲಿ ಎಂದೂ ಕೂಗದಷ್ಟು ಜೋರಾಗಿ ಕೂಗಲೆಂದು ಬಾಯಿ ತೆರೆದರು. ಎದುರುಗೋಡೆಯ ಮೇಲೆ, ನೇರ ಮೂಗಿನ ಮುಂದೆ, ತಾವೇ ಬರೆಸಿ ಹಾಕಿದ ಬೋರ್ಡು ಕಂಡಿತು: 'ಸುಮ್ಮನಿರಿ. ಶಬ್ದ ಮಾಡಿದವರನ್ನು ಹೊರಹಾಕಲಾಗುವುದು.'

ಅವರು ಮತ್ತಷ್ಟು ಜೋರಾಗಿ ಕೂಗಿದರು. ಯಾರೂ ಹೊರಹಾಕಲಿಲ್ಲ.