ದುರ್ಗ–ಹೊಸದುರ್ಗದ ಅಂತರ ‘ನಗಣ್ಯ’ ಎಂಬ ಷರಾ

ಇಂದ:
ಜಯಕ್ಕ, ಸಹಶಿಕ್ಷಕಿ,
ಪ್ರಾಥಮಿಕ ಶಾಲೆ, ಹೊಸದುರ್ಗ

ಗೆ:
ವರ್ಗಾವಣೆ ವಿಚಾರಿಸುವ ಸಾಹೇಬರು,
ಚಿತ್ರದುರ್ಗ

ದಿನಾಂಕ: ೧೮–೧೧–೧೯೭೪

ವಿಷಯ: ಗಂಡಹೆಂಡಿರನ್ನು ಒಂದೇ ಊರಿಗೆ ಹಾಕಿಕೊಡುವ ಕುರಿತು.
ಉಲ್ಲೇಖ: ಅರ್ಜಿದಾರಳ ಹಿಂದಿನ ಅರ್ಜಿಯ ಮೇಲೆ ತಾವು ನಿಂತಲ್ಲೇ ಬರೆದ ಷರಾ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳಾದ ಜಯಕ್ಕ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರಳಿಗೆ ಕಳೆದ ವೈಶಾಖದಲ್ಲಿ ಚಿತ್ರದುರ್ಗದ ಶಾಲೆಯೊಂದರ ಮೇಷ್ಟ್ರು ಪಾಲಣ್ಣನವರೊಂದಿಗೆ ಮದುವೆಯಾಯಿತು. ಅವರು ದುರ್ಗದಲ್ಲಿ, ಇವಳು ಹೊಸದುರ್ಗದಲ್ಲಿ. ಕಾರಣ, ಸಂಸಾರ ಇನ್ನೂ ಆರಂಭವಾಗಿಲ್ಲ. ಅಡುಗೆ ಮಾತ್ರ ಎರಡೂ ಕಡೆ ನಡೆದಿದೆ.

೨. ಹತ್ತಿ ಹೊಲಗಳಿಗೆ ಔಷಧಿ ಹೊಡೆಯಲು ಬಂದಿದ್ದ ಹೆಲಿಕಾಪ್ಟರಿನಲ್ಲಿ ತಾವು ಜೋಗಿಮಟ್ಟಿ ಬೆಟ್ಟದ ಮೇಲಿಂದ ಹಾರಿ ಬಂದು ನಮ್ಮೂರ ಬಯಲಿನಲ್ಲಿ ಇಳಿದಿರಿ. ಅರ್ಜಿದಾರಳು ಆ ಧೂಳಿನಲ್ಲಿ ಸೆರಗು ಹಿಡಿದುಕೊಂಡೇ ಅರ್ಜಿ ನೀಡಿದಳು. ತಾವು, “ಏನಮ್ಮಾ, ದುರ್ಗದಿಂದ ಇಲ್ಲಿಗೆ ಇಪ್ಪತ್ತು ನಿಮಿಷ. ಇದನ್ನೂ ದೂರ ಅಂತೀರಲ್ಲ!” ಎಂದು ನಕ್ಕು, ‘ಅಂತರ ನಗಣ್ಯ’ ಎಂದು ಬರೆದು ಮತ್ತೆ ಹಾರಿದಿರಿ.

೩. ಬಸ್ಸಿಗೆ ಹಾರಲು ಬಾರದು. ಅದು ಹೊಳಲ್ಕೆರೆ ಸುತ್ತಿ, ಕೈ ತೋರಿದಲ್ಲೆಲ್ಲ ನಿಂತು, ಕುರಿಮಂದೆ ದಾಟುವವರೆಗೆ ಕಾದು ಬರುತ್ತದೆ. ಆದ್ದರಿಂದ ಬೆಳಿಗ್ಗೆ ಹೊರಟವರು ಊಟದ ಹೊತ್ತಿಗೆ ತಲುಪಿ, ಉಂಡ ಕೈ ತೊಳೆದು, ವಾಪಸು ಬಸ್ಸು ಹಿಡಿಯಬೇಕು.

೪. ಹೀಗಿರಲಾಗಿ, ಕಳೆದ ವಾರದ ಭಾನುವಾರ ಅರ್ಜಿದಾರಳು ಗಂಡನಿಗೆ ಹೇಳದೆ ಶೇಂಗಾ ಹೋಳಿಗೆ ಕಟ್ಟಿಕೊಂಡು ದುರ್ಗದ ಬಸ್ಸು ಹತ್ತಿದಳು. ಹೊಳಲ್ಕೆರೆ ನಿಲ್ದಾಣದಲ್ಲಿ ನೋಡಿದರೆ, ಪಕ್ಕದಲ್ಲಿ ನಿಂತ ಹೊಸದುರ್ಗದ ಬಸ್ಸಿನ ಕಿಟಕಿಯಲ್ಲಿ ಪಾಲಣ್ಣನವರು! ಅವರೂ ಹೇಳದೆಯೇ ಹೊರಟಿದ್ದರು. ಅರ್ಜಿದಾರಳು ಹೋಳಿಗೆಯ ಗಂಟನ್ನು ಸೀಟಿನಲ್ಲೇ ಬಿಟ್ಟು ಧುಮುಕಿ, ಬಸ್ಸಿನ ಹಿಂದಿನಿಂದ ಓಡಿ ಅವರ ಬಸ್ಸು ಹತ್ತಿದಳು. ಅದೇ ಹೊತ್ತಿಗೆ ಅವರು ಮುಂದಿನಿಂದ ಓಡಿ ಇವಳ ಬಸ್ಸು ಹತ್ತಿದರು. ಎರಡೂ ಬಸ್ಸಿನ ಕಂಡಕ್ಟರುಗಳು ಒಟ್ಟಿಗೇ “ರೈಟ್!” ಅಂದರು.

“ನಿಲ್ಸ್ರೀ! ನಮ್ಮೆಜಮಾನ್ರು ಆ ಬಸ್ಸಿನಾಗೆ ಹೊಂಟೋದ್ರು!” ಎಂದು ಅರ್ಜಿದಾರಳು ಕೂಗಿದಳು.

“ಎಲ್ಲಿಗೋಗ್ತಾರೆ ಬಿಡವ್ವಾ, ದುರ್ಗಕ್ಕೆ ತಾನೆ? ಕುಂತ್ಕಳ್ರಿ, ಅಲ್ಲೊಂದು ಸೀಟೈತೆ,” ಎಂದ ಕಂಡಕ್ಟರ್.

ಅದು ಪಾಲಣ್ಣನವರದೇ ಸೀಟು. ಅದರ ಮೇಲೆ ಬಾಳೆಲೆಯಲ್ಲಿ ಸುತ್ತಿದ ಕನಕಾಂಬರವಿತ್ತು. ಅರ್ಜಿದಾರಳು ಮೊದಲು ಅತ್ತಳು. ಆಮೇಲೆ ಮುಡಿದುಕೊಂಡಳು. ಊರು ಬರುವಷ್ಟರಲ್ಲಿ ನಗು ತಡೆಯಲಾಗಲಿಲ್ಲ. ದುರ್ಗ ಮುಟ್ಟುವ ಮೊದಲೇ ಹೋಳಿಗೆ ಮುಗಿದವೆಂದು ಎರಡು ದಿನದಲ್ಲಿ ಅವರ ಕಾಗದ ಬಂತು.

೫. ನಿನ್ನೆ ಭಾನುವಾರ ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡು ಹೊಳಲ್ಕೆರೆಯಲ್ಲಿ ಇಳಿದರು. ನಿಲ್ದಾಣದಲ್ಲಿ ಟೀ ಮಾರುವ ಚಿತ್ತಮ್ಮ ಗುರುತು ಹಿಡಿದರು. “ಆವತ್ತು ಬಸ್ಸು ಅದಲು ಬದಲು ಮಾಡ್ಕಂಡೋರು ನೀವೇ ಅಲ್ಲೇನವ್ವಾ? ನಮ್ಮನೆ ಹಿಂದ್ಗಡೆ ಒಂದು ಕೋಣೆ ಐತೆ, ಬರ್ರಿ” ಎಂದು ಕರೆದೊಯ್ದರು. ಮದುವೆಯಾದ ಮೇಲೆ ಮೊದಲ ಸಲ ಇಬ್ಬರೂ ಒಂದೇ ಒಲೆಯ ಮುಂದೆ ಕೂತರು. ಪಾಲಣ್ಣನವರು ಈರುಳ್ಳಿ ಹೆಚ್ಚಿದರು, ತೀರಾ ದಪ್ಪಗೆ. ಸಂಜೆಯ ಬಸ್ಸಿನ ಹಾರನ್ ಕೇಳಿದರೂ ಯಾರೂ ಏಳಲಿಲ್ಲ. ಈ ಕಾರಣ, ಇಂದು ಎರಡೂ ಶಾಲೆಗಳಲ್ಲಿ ಮೊದಲ ಪಾಠ ನಡೆದಿಲ್ಲ.

ಆದ್ದರಿಂದ, ಇಬ್ಬರನ್ನೂ ಹೊಳಲ್ಕೆರೆಗೇ ಹಾಕಿಕೊಡಬೇಕೆಂದು ಪ್ರಾರ್ಥನೆ.

ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಇರುವ,
ಜಯಕ್ಕ

ಲಗತ್ತು: ಷರಾ ಸಹಿತ ಹಳೆಯ ಅರ್ಜಿ, ಮದುವೆಯ ಕರೆಯೋಲೆ, ತಪ್ಪು ಬಸ್ಸಿನ ಟಿಕೀಟು.

ವಿ.ಸೂ.: ಉತ್ತರದ ಒಂದೇ ಪ್ರತಿ ಸಾಕು. ಚಿತ್ತಮ್ಮನವರ ವಿಳಾಸಕ್ಕೆ ಕಳಿಸುವುದು. ಇಬ್ಬರೂ ಜೊತೆಗೆ ಕೂತು ಓದುತ್ತಾರೆ.